ಡ್ಯೂಡ್ ಎಂದರೆ ಯಾರು

ಕಾಜಾ ಟೈಲರಿಗೆ ಹೊಸ ಹೆಸರು ಬಿದ್ದದ್ದು ಒಂದು ಬುಧವಾರ ಬೆಳಗ್ಗೆ, ಬಚ್ಚಲುಮನೆಯ ಬಾಗಿಲ ಹೊರಗೆ. ಹೆಸರಿಟ್ಟವಳು ಬಾಗಿಲ ಒಳಗಿದ್ದಳು.

ಅದಕ್ಕೆ ಮುಂಚೆ ಅವನ ಹಳೆಯ ಹೆಸರಿನ ವಿಚಾರ ಹೇಳಿಬಿಡಬೇಕು. ಗುಂಡಿ ತೂರಿಸುವ ಕಾಜಾಗಳನ್ನು ಅವನು ಇವತ್ತಿಗೂ ಕೈಯಲ್ಲೇ ಹೊಲಿಯುತ್ತಾನೆ. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದರೂ ಕಾಜಾ ಮಾತ್ರ ಗಟ್ಟಿಯಾಗಿರುತ್ತದೆ ಎಂದು ಗಿರಾಕಿಗಳು ಹೇಳುವುದುಂಟು. ಹಾಗಾಗಿ ಬೆನ್ನ ಹಿಂದೆ ಅವನು ಕಾಜಾ ಟೈಲರ್, ಎದುರಿಗೆ ಬಂದರೆ "ಮಾಸ್ಟ್ರೇ, ಬನ್ನಿ, ಕೂತ್ಕೊಳ್ಳಿ." ಐವತ್ತಕ್ಕೆ ಎರಡು ವರ್ಷ ಕಡಿಮೆ. ಬಾಯಲ್ಲಿ ಯಾವ ಹೊತ್ತೂ ಎರಡು ಗುಂಡುಸೂಜಿ ಕಚ್ಚಿಕೊಂಡೇ ಇರುವುದರಿಂದ ಮಾತು ಕಡಿಮೆಯಾಯಿತೋ, ಮಾತು ಕಡಿಮೆ ಇರುವುದರಿಂದ ಸೂಜಿ ಕಚ್ಚುವುದು ಅಭ್ಯಾಸವಾಯಿತೋ, ಅವನಿಗೇ ಗೊತ್ತಿಲ್ಲ.

ಮದುವೆಯಾಗಿ ಎರಡು ವರ್ಷವಾಗಿತ್ತು. ತಡವಾಗಿ ಆದ ಮದುವೆ. ಹೆಂಡತಿ ಬಸ್ ಕಂಡಕ್ಟರ್. ನೂರು ಜನರನ್ನು ಒಂದು ಗದರಿಕೆಗೆ ಮುಂದಕ್ಕೆ ಸರಿಸುವ ಗಂಟಲು, ಆದರೆ ಎಂಥ ಕುಡುಕನಿಗೂ "ಇಳೀರಿ" ಎನ್ನುವಳೇ ಹೊರತು "ಇಳಿ" ಎಂದವಳಲ್ಲ. ಅವಳ ಮೊದಲ ಗಂಡ ಅದೇ ಡಿಪೋದಲ್ಲಿ ಡ್ರೈವರಾಗಿದ್ದವನು, ತೀರಿಕೊಂಡು ಆರು ವರ್ಷ. ಅವರಿಬ್ಬರ ಮಗಳು ಚೂಟಿ. ಹದಿಮೂರು ತುಂಬಿದ ಹುಡುಗಿ.

ಈ ಎರಡು ವರ್ಷದಲ್ಲಿ ಚೂಟಿ ಟೈಲರನ್ನು ಏನೂ ಎಂದು ಕರೆದಿರಲಿಲ್ಲ. ಕೆಟ್ಟ ಹುಡುಗಿಯೇನಲ್ಲ, ಎದುರು ಮಾತಾಡಿದವಳೂ ಅಲ್ಲ. ಅಪ್ಪ ಎನ್ನುವ ಪದ ಆ ಮನೆಯಲ್ಲಿ ಖಾಲಿ ಇರಲಿಲ್ಲ, ಅಷ್ಟೆ. ಅದರಲ್ಲಿ ಇನ್ನೂ ಒಬ್ಬರಿದ್ದರು. ಚಿಕ್ಕಪ್ಪ ಅನ್ನು ಎಂದು ಅಜ್ಜಿ ಹೇಳಿಕೊಟ್ಟರು. ಹುಡುಗಿ ಮಗ್ಗಿ ಕಲಿಯುವವಳ ಹಾಗೆ ಒಂದೆರಡು ಸಲ ತುಟಿ ಆಡಿಸಿ ಬಿಟ್ಟುಬಿಟ್ಟಳು. ಅಂಕಲ್ ಎನ್ನಬಹುದಿತ್ತು. ಆದರೆ ಅಂಕಲ್ ಎನ್ನುವುದು ಹಾಲು ಹಾಕುವವರಿಗೆ, ಮೇಲಿನ ಮನೆಯವರಿಗೆ, ದಾರಿಯಲ್ಲಿ ಗಂಟೆ ಎಷ್ಟು ಎಂದು ಕೇಳುವಾಗ ಸಿಕ್ಕವರಿಗೆ. ಒಂದೇ ಬಚ್ಚಲಲ್ಲಿ ಬ್ರಷ್ ಇಡುವವರಿಗೆ ಅದನ್ನು ಅನ್ನುವುದು ಹೇಗೆ?

ಹಾಗಾಗಿ ಅವಳು ಒಂದು ಉಪಾಯ ಕಂಡುಕೊಂಡಳು. ಇಂಥ ಸಂಕಟದವರಿಗೆ ಅಂತಲೇ ನಮ್ಮ ಭಾಷೆ ತೆರೆದಿಟ್ಟಿರುವ ಹಿಂಬಾಗಿಲು ಅದು. "ಊಟಕ್ಕೆ ಬರಬೇಕಂತೆ." "ಗ್ಯಾಸ್ ಮುಗಿದಿದೆಯಂತೆ." "ನಾಳೆ ನೀರು ಬರಲ್ವಂತೆ." ಕೊನೆಗೊಂದು ಅಂತೆ ಅಂಟಿಸಿದರೆ ಬಾ ಅನ್ನಬೇಕಿಲ್ಲ, ಬನ್ನಿ ಅನ್ನಬೇಕಿಲ್ಲ, ಎದುರಿನವರ ಮುಖ ನೋಡುವ ಕೆಲಸವೂ ಇಲ್ಲ. ಮನೆಯಲ್ಲಿ ಅವರಿಬ್ಬರೇ ಇದ್ದ ಒಂದು ಸಂಜೆ ಹುಡುಗಿ ಬಂದು, "ಟೀ ಬೇಕಾ ಅಂತ ಕೇಳ್ತಿದಾರೆ" ಎಂದಳು. ಯಾರು ಕೇಳುತ್ತಿದ್ದಾರೆ ಎಂದು ಟೈಲರ್ ವಿಚಾರಿಸಲಿಲ್ಲ. "ಬೇಕಂತೆ ಅಂತ ಹೇಳು" ಎಂದ. ಟೀ ಬಂತು.

ಅವನು ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಆದರೆ ಆಸೆಯಂತೂ ಇತ್ತು. ಆ ಹುಡುಗಿ ಒಂದೇ ಒಂದು ಸಲ ತನ್ನನ್ನು ಕರೆಯಬೇಕು. ಅಪ್ಪ ಎಂದೇ ಆಗಬೇಕಿಲ್ಲ. ಏನೋ ಒಂದು. ಕರೆದದ್ದು ತನ್ನನ್ನೇ ಎಂದು ಗೊತ್ತಾಗಬೇಕು, ತಾನು ಓಗೊಡಬೇಕು.

ಆ ಬುಧವಾರ ಹೆಂಡತಿ ಬೆಳಗಿನ ಪಾಳಿಗೆ ಹೋಗಿದ್ದಳು. ಟೈಲರ್ ಅಂಗಡಿಗೆ ಹೊರಡಲು ಚಪ್ಪಲಿ ಹುಡುಕುತ್ತಿದ್ದ. ಬಚ್ಚಲುಮನೆಯಿಂದ ದಡಬಡ ಸದ್ದು, ಆಮೇಲೆ ಚೂಟಿಯ ದನಿ ಕೇಳಿತು.

"ಡ್ಯೂಡ್, ಬಾ ಇಲ್ಲಿ. ಚಿಲಕ ಸಿಕ್ಕಾಕೊಂಡಿದೆ."

ಟೈಲರಿಗೆ ಕೇಳಿಸಿದ್ದು "ದೂಡು" ಎಂದು. ಚಿಲಕ ಸಿಕ್ಕಿಕೊಂಡಿದೆ, ಹುಡುಗಿ ಬಾಗಿಲು ದೂಡು ಎನ್ನುತ್ತಿದ್ದಾಳೆ. ಇದರಲ್ಲಿ ಯೋಚಿಸುವಂಥದ್ದು ಏನಿದೆ? ಅವನು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಜೀವಮಾನದಲ್ಲಿ ದಾರ ಬಿಟ್ಟು ಬೇರೇನನ್ನೂ ಎಳೆಯದ ತನ್ನ ಹೆಗಲನ್ನು ಬಾಗಿಲಿಗೆ ಕೊಟ್ಟು ದೂಡಿದ. ಚಿಲಕ ಕಿತ್ತುಬಂತು. ಬಾಗಿಲು ಗೋಡೆಗೆ ಬಡಿಯಿತು. ಸ್ಕೂಲ್ ಯೂನಿಫಾರ್ಮಿನಲ್ಲಿದ್ದ ಚೂಟಿ ಪಕ್ಕಕ್ಕೆ ಹಾರಿಕೊಂಡಳು. ಟೈಲರ್ ಬಕೆಟ್ಟಿನ ಸಮೇತ ಉರುಳಿ, ನೀರಿನಲ್ಲಿ ಕೂತು, ಮುಂದೇನು ಅಪ್ಪಣೆ ಎನ್ನುವಂತೆ ಅವಳನ್ನೇ ನೋಡಿದ.

"ದೂಡು ಅಂತ ಯಾರು ಹೇಳಿದ್ದು?"

"ನೀನೇ ಅಂದೆಯಲ್ಲಮ್ಮ. ದೂಡು ಅಂತ."

"ನಾನು ಡ್ಯೂಡ್ ಅಂದೆ," ಎಂದಳು ಚೂಟಿ. ಹಾಗೆಂದವಳೇ ನಗಲು ಶುರುಮಾಡಿದಳು. ಗೋಡೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ನೆಂದ ಸಾಕ್ಸಿನಲ್ಲೇ ಕುಣಿದು ನಕ್ಕಳು. ಆ ಮನೆಯಲ್ಲಿ ಅವನಿಂದಾಗಿ ಅವಳು ನಕ್ಕದ್ದು ಅದೇ ಮೊದಲು. ಟೈಲರಿಗೆ ಸೊಂಟ ನೋಯುತ್ತಿತ್ತು. ಇನ್ನೊಂದು ಬಾಗಿಲಿದ್ದರೆ ಅದನ್ನೂ ಮುರಿಯೋಣವೇ ಎನ್ನುವಷ್ಟು ಖುಷಿಯೂ ಆಗಿತ್ತು.

ಆ ಖುಷಿ ಮಧ್ಯಾಹ್ನದ ತನಕ ಬಾಳಿತು.

ಟೈಲರ್ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಅವನ ಕಸುಬೇ ಬಟ್ಟೆ ಕೈಗೆ ಬಂದರೆ ತಿರುವಿಹಾಕಿ ಒಳಗಿನ ಹೊಲಿಗೆ ನೋಡುವುದು. ಡ್ಯೂಡ್ ಎಂದರೇನು? ಪಕ್ಕದ ಜೆರಾಕ್ಸ್ ಅಂಗಡಿಯವನ ಹತ್ತಿರ ಅವನಪ್ಪನ ಕಾಲದ ಇಂಗ್ಲಿಷ್ ಕನ್ನಡ ಡಿಕ್ಷನರಿಯೊಂದಿತ್ತು, ರಟ್ಟು ಕಿತ್ತುಹೋಗಿ ಕಾಗದ ಹಾರದಂತೆ ಒತ್ತಿಡುವ ಕೆಲಸ ಮಾಡಿಕೊಂಡಿತ್ತು. ಇಬ್ಬರೂ ಸೇರಿ ಹುಡುಕಿದರು. ಜೆರಾಕ್ಸಿನವನು ಕನ್ನಡಕ ಹಣೆಗೇರಿಸಿ ಓದಿದ.

"ಬಟ್ಟೆಬರೆಯಲ್ಲಿ ಅತಿ ಷೋಕಿ ಮಾಡುವವನು. ಬೆಡಗುಗಾರ. ಷೋಕಿಲಾಲ." ಆಮೇಲೆ ಸಮಾಧಾನ ಹೇಳಿದ. "ತಲೆ ಕೆಡಿಸ್ಕೋಬೇಡಿ ಮಾಸ್ಟ್ರೇ. ನನ್ನ ಮಗಳು ಬೆಕ್ಕಿಗೂ ಡ್ಯೂಡ್ ಅಂತಾಳೆ. ಮೊನ್ನೆ ಮೆಷಿನ್ನಲ್ಲಿ ಪೇಪರ್ ಸಿಕ್ಕಾಕೊಂಡಿತ್ತು, ಅದಕ್ಕೂ ಅಂದಳು."

ಇದು ಸಮಾಧಾನವಾಗಲಿಲ್ಲ. ಟೈಲರ್ ತನ್ನ ಅಂಗಡಿಯ ಉದ್ದ ಕನ್ನಡಿಯ ಮುಂದೆ ನಿಂತ. ಊರಿಗೆಲ್ಲ ಹೊಲಿಯುವವನ ಮೈಮೇಲೆ ಬಣ್ಣ ಹೋದ ಅಂಗಿ. ಇವನಿಗೆಲ್ಲಿಯ ಷೋಕಿ? ಆಗ ನೆನಪಾಯಿತು, ಹದಿನೈದು ದಿನದ ಹಿಂದಿನ ಪೋಷಕರ ಸಭೆ. ಚೂಟಿಯ ಸ್ಕೂಲಿಗೆ ಮೊದಲ ಸಲ ಹೋಗುವುದೆಂದು ಅವನು ತನಗಾಗಿ ಒಂದು ಕೋಟು ಹೊಲಿದುಕೊಂಡಿದ್ದ. ಕಂದುಬಣ್ಣದ ಬಟ್ಟೆ, ಒಳಗೆ ನೀಲಿ ಲೈನಿಂಗು, ಜೇಬಿನ ಮುಚ್ಚಳದಲ್ಲೂ ಕೈಹೊಲಿಗೆ. ಬೇರೆ ಅಪ್ಪಂದಿರೆಲ್ಲ ಕೆಲಸದ ಬಟ್ಟೆಯಲ್ಲೇ ಬಂದಿದ್ದರು. ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿಯರು ಪಿಸಪಿಸ ನಕ್ಕಿದ್ದರು. ಚೂಟಿ ಹತ್ತು ಹೆಜ್ಜೆ ಹಿಂದೆ ನಡೆದಿದ್ದಳು. ಓಹೋ, ಅದಕ್ಕೆ ಈ ಹೆಸರು! ಕೋಟು ಹೊಲಿಯಲು ಮೂರು ಸಂಜೆ ಹಿಡಿದಿತ್ತು. ಅವಳಿಗೆ ನಾಚಿಕೆಯಾಗಬಾರದು ಎಂದೇ ಹೊಲಿದಿದ್ದ.

ಆ ದಿನ ಸಂಜೆ ಮೂವರೂ ಊಟಕ್ಕೆ ಕೂತಿದ್ದರು. ಚೂಟಿ ತಟ್ಟೆಯಿಂದ ತಲೆ ಎತ್ತದೆ, ಮಾಮೂಲಿನ ಮಾತಿನ ಹಾಗೆ, "ಡ್ಯೂಡ್, ಉಪ್ಪು ಕೊಡು" ಎಂದಳು.

ತುತ್ತು ಹಿಡಿದಿದ್ದ ಅಮ್ಮನ ಕೈ ಅಲ್ಲೇ ನಿಂತಿತು. "ಏನಂದೆ? ಇನ್ನೊಂದ್ಸಲ ಹೇಳು. ಕೊಡು? ದೊಡ್ಡೋರಿಗೆ ಕೊಡು ಅಂತಾರಾ? ಅದೇನದು ಡ್ಯೂಡು ಗೀಡು? ಅವರೇನು ನಿನ್ನ ಕ್ಲಾಸ್‌ಮೇಟಾ?"

ಚೂಟಿ ಅಮ್ಮನ ಕಡೆ ನೋಡಲಿಲ್ಲ. ಟೈಲರ್ ಕಡೆ ನೋಡಿದಳು. ಎರಡು ವರ್ಷದಲ್ಲಿ ಅವಳು ಹಾಗೆ ನೇರವಾಗಿ ಅವನ ಮುಖ ನೋಡಿರಲಿಲ್ಲ. ಒಂದು ಮಾತು ಸಾಕಿತ್ತು. "ಇರಲಿ ಬಿಡು" ಅಂದಿದ್ದರೆ ಸಾಕಿತ್ತು. ಎಂದೂ ಬಾಯಿ ಬಿಡದ ಮನುಷ್ಯ ಅವತ್ತೇ ಬಾಯಿ ಬಿಡಬೇಕೇ, ಅದೂ ಇಂಥ ಮಾತಿಗೆ?

"ಷೋಕಿಲಾಲ ಅಂತ ಅರ್ಥವಂತೆ," ಎಂದ ಟೈಲರ್. "ಡಿಕ್ಷನರೀಲಿ ಇದೆ."

ಹುಡುಗಿಯ ಮುಖ ಸಪ್ಪಗಾಯಿತು. ಎದ್ದು ತಾನೇ ಉಪ್ಪಿನ ಡಬ್ಬಿ ತೆಗೆದುಕೊಂಡಳು. ಅದನ್ನು ಅವನ ಮುಂದೆ ಇಟ್ಟು, "ತಗೊಳ್ಳಿ" ಎಂದಳು.

ಮಾರನೆಯ ದಿನದಿಂದ ಆ ಮನೆಯಲ್ಲಿ ಅಂತೆ ಅನ್ನುವುದೂ ನಿಂತುಹೋಯಿತು. ಅದರ ಬದಲು ಬಹುವಚನ ಬಂತು. "ಬನ್ನಿ, ಊಟ ಆಗಿದೆ." "ನಿಮ್ಮ ಕನ್ನಡಕ ಇಲ್ಲಿದೆ, ತಗೊಳ್ಳಿ." "ಹೋಗಿ ಬನ್ನಿ." ಒಂದೊಂದು ಮಾತೂ ಇಸ್ತ್ರಿ ಹಾಕಿದಷ್ಟು ನೀಟು. ಮಗಳು ದಾರಿಗೆ ಬಂದಳು ಎಂದು ಹೆಂಡತಿಗೆ ಸಂತೋಷವಾಯಿತು. ಟೈಲರಿಗೆ ಮಾತ್ರ ಬಾಡಿಗೆಗಿದ್ದಂತೆ ಅನ್ನಿಸತೊಡಗಿತು. ಮುಂಚೆ ಕಡೇಪಕ್ಷ ಹುಡುಗಿಗೆ ತನ್ನನ್ನು ಏನೆಂದು ಕರೆಯುವುದು ಎಂಬ ಕಷ್ಟವಾದರೂ ಇತ್ತು. ಈಗ ಆ ಕಷ್ಟವೂ ಮುಗಿದಿತ್ತು.

ಶನಿವಾರ ಬೆಳಗ್ಗೆ ಲೈಬ್ರರಿ ಮೇಡಂ ಬಂದರು. ಊರಿನ ಲೈಬ್ರರಿಯಲ್ಲಿ ಇಪ್ಪತ್ತು ವರ್ಷದಿಂದ ಕೂತಿರುವ ಹೆಂಗಸು, ಬೀಗದಕೈ ಗೊಂಚಲಿನ ಭಾರಕ್ಕೆ ಕೋಟಿನ ಜೇಬು ವರ್ಷಕ್ಕೊಮ್ಮೆ ಕಿತ್ತುಬರುತ್ತಿತ್ತು. ಟೈಲರ್ ಜೇಬಿಗೆ ದಪ್ಪ ಬಟ್ಟೆ ಕೊಟ್ಟು ಹೊಲಿಯುತ್ತ ಕೂತ. ಎರಡು ಸಲ ಗಂಟಲು ಸರಿಮಾಡಿಕೊಂಡ. ಬಾಯಿಂದ ಸೂಜಿ ತೆಗೆದಿಟ್ಟು ಕೇಳಿದ.

"ಮೇಡಂ, ಡ್ಯೂಡ್ ಅನ್ನೋ ಪದ ಎಲ್ಲಿಂದ ಬಂತು?"

ಪದಗಳ ಬಗ್ಗೆ ಯಾರಾದರೂ ಕೇಳಲಿ ಎಂದು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದವರು ಆಕೆ. ಸ್ಟೂಲು ಎಳೆದುಕೊಂಡರು. "ನೂರನಲವತ್ತು ವರ್ಷದ ಹಿಂದೆ ಅಮೆರಿಕದ ಪೇಪರ್‌ಗಳಲ್ಲಿ ಇದ್ದಕ್ಕಿದ್ದ ಹಾಗೆ ಈ ಪದದ ಹಾವಳಿ ಶುರುವಾಯ್ತು. ಬಿಗಿ ಪ್ಯಾಂಟು, ಗದ್ದಕ್ಕೆ ಚುಚ್ಚೋ ಕಾಲರು, ಕೈಯಲ್ಲೊಂದು ಬೆತ್ತ. ಹಂಗೆ ಮೆರೀತಾ ಓಡಾಡೋ ಪೇಟೆ ಹುಡುಗರಿದ್ರಲ್ಲ, ಅವರನ್ನ ಗೇಲಿ ಮಾಡೋಕೆ."

"ಷೋಕಿಲಾಲ," ಎಂದ ಟೈಲರ್ ಸಣ್ಣ ದನಿಯಲ್ಲಿ.

"ಹೂಂ. ಅದಕ್ಕೂ ಮುಂಚೆ ಎಲ್ಲಿತ್ತು ಅನ್ನೋದು ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಡೂಡಲ್ ಅಂದ್ರೆ ಪೆದ್ದ ಅಂತ ಹಳೇ ಅರ್ಥ ಇತ್ತು, ಅದನ್ನ ಅರ್ಧಕ್ಕೆ ಕತ್ತರಿಸಿದ್ದು ಅಂತ ತಿಳಿದೋರು ಹೆಚ್ಚಾಗಿ ಹೇಳ್ತಾರೆ. ಬಟ್ಟೆಗೆ ಡಡ್ಸ್ ಅಂತಿದ್ರು, ಅದರಿಂದ ಬಂತು ಅನ್ನೋರೂ ಇದಾರೆ. ನಿಮ್ಮ ಕಡೆಯೋರು ಅನ್ನಿ." ಮೇಡಂ ನಕ್ಕರು. "ಆಮೇಲೆ ಅದು ಹಳ್ಳಿಗಾಡಿಗೆ ಹೋಯ್ತು. ದನ ಮೇಯಿಸೋ ಜನ, ಪೇಟೆಯಿಂದ ಠೀವಿ ಮಾಡ್ಕೊಂಡು ಬಂದ ಏನೂ ಗೊತ್ತಿಲ್ಲದೋರಿಗೆ ಡ್ಯೂಡ್ ಅಂದ್ರು. ಆಮೇಲೆ ಹುಡುಗರು ಒಬ್ಬರಿಗೊಬ್ಬರು ಅನ್ಕೊಂಡ್ರು. ಈಗ ಹುಡುಗೀರೂ ಅಂತಾರೆ. ಗೇಲಿ ಸವೆದು ಸವೆದು ಸಲಿಗೆ ಆಯ್ತು, ಮಾಸ್ಟ್ರೇ."

ಇದು ಟೈಲರಿಗೆ ಅರ್ಥವಾಯಿತು. ಗಂಜಿ ಹಾಕಿದ ಬಟ್ಟೆ ನಾಲ್ಕು ಸಲ ಒಗೆದ ಮೇಲೆ ಮೆತ್ತಗಾಗುತ್ತದೆ. ಆದರೂ ಅನುಮಾನ ಹೋಗಲಿಲ್ಲ. "ಹಾಗಾದ್ರೆ ಈಗ ಯಾರಾದ್ರೂ ಅಂದ್ರೆ ಗೇಲಿಯಾ, ಸಲಿಗೆಯಾ? ಗೊತ್ತಾಗೋದು ಹೇಗೆ?"

"ಒಂದೇ ಪದ ಇಟ್ಕೊಂಡು ಗೊತ್ತಾಗಲ್ಲ. ಅದರ ಅಕ್ಕಪಕ್ಕ ಏನಿತ್ತು ನೋಡ್ಬೇಕು. ಯಾರು ಅಂದ್ರು, ಪೂರ್ತಿ ಏನಂದ್ರು, ಹೇಳಿ."

ಟೈಲರ್ ಬಟ್ಟೆಯಿಂದ ಕಣ್ಣೆತ್ತದೆ ಹೇಳಿದ. "ಮನೇಲಿ, ಹುಡುಗಿ. ಡ್ಯೂಡ್, ಬಾ ಇಲ್ಲಿ, ಅಂದಳು."

"ಬಾ ಅಂದಳಾ, ಬನ್ನಿ ಅಂದಳಾ?"

"ಬಾ ಅಂದಳು. ಆಮೇಲೆ ಊಟದ ಹೊತ್ತಲ್ಲಿ, ಉಪ್ಪು ಕೊಡು ಅಂದಳು."

ಮೇಡಂ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ನೀವು ತಪ್ಪು ಡಿಕ್ಷನರಿ ನೋಡಿದೀರಿ ಮಾಸ್ಟ್ರೇ," ಎಂದರು. "ನಿಮ್ಮನ್ನ ಬಾ ಅಂತ ಕರೆಯೋರು ಈ ಊರಲ್ಲಿ ಎಷ್ಟು ಜನ ಇದಾರೆ?"

ಟೈಲರ್ ಎಣಿಸಲು ನೋಡಿದ. ಹೆಂಡತಿ ರೀ, ಬನ್ರೀ ಎನ್ನುತ್ತಾಳೆ. ಗಿರಾಕಿಗಳು ಮಾಸ್ಟ್ರೇ ಎನ್ನುತ್ತಾರೆ. ಬಾ ಎನ್ನುತ್ತಿದ್ದವಳು ಅವನಮ್ಮ, ಅವಳು ಹೋಗಿ ಹನ್ನೊಂದು ವರ್ಷವಾಗಿತ್ತು. ಅಲ್ಲಿಂದ ಈಚೆಗೆ ಈ ಭೂಮಿಯ ಮೇಲೆ ಒಬ್ಬರೂ ಅವನನ್ನು ಬಾ ಎಂದಿರಲಿಲ್ಲ. ಬಚ್ಚಲುಮನೆಯೊಳಗಿಂದ ಒಂದು ಮಗು ಅಂದಿತ್ತು. ಅವನು ಮುಂದಿನ ಪದ ಬಿಟ್ಟು ಹಿಂದಿನ ಪದದ ಬೆನ್ನು ಹತ್ತಿದ್ದ. ಹುಡುಗಿ ತನ್ನ ಕೈಯಲ್ಲಿಟ್ಟದ್ದನ್ನು ಅವಳ ಅಮ್ಮನ ಎದುರಿಗೆ, ಊಟದ ತಟ್ಟೆಯ ಮುಂದೆ, ಷೋಕಿಲಾಲ ಎಂದು ಹೇಳಿ ಎಸೆದುಬಿಟ್ಟಿದ್ದ. ಸೂಜಿ ಬೆರಳಿಗೆ ಚುಚ್ಚಿತು. ಕಣ್ಣು ತುಂಬಿಬಂದದ್ದು ಅದಕ್ಕಲ್ಲ.

"ಜೇಬು ನಾಳೆ ಕೊಡ್ತೀನಿ ಮೇಡಂ," ಎಂದ.

ಶನಿವಾರ ಸ್ಕೂಲು ಮಧ್ಯಾಹ್ನಕ್ಕೇ ಬಿಡುತ್ತಿತ್ತು. ಟೈಲರ್ ಹನ್ನೆರಡಕ್ಕೇ ಅಂಗಡಿಯ ಬಾಗಿಲೆಳೆದು, ಹೆಗಲ ಮೇಲಿನ ಅಳತೆ ಟೇಪು ತೆಗೆಯುವುದನ್ನೂ ಮರೆತು, ಸ್ಕೂಲಿನ ಮುಂದಿನ ಬಸ್ ನಿಲ್ದಾಣಕ್ಕೆ ನಡೆದ. ಆ ಮಾರ್ಗದ ಬಸ್ಸಿನಲ್ಲೇ ಹೆಂಡತಿಯ ಕೆಲಸ. ಚೂಟಿ ದಿನಾ ಅಮ್ಮನ ಬಸ್ಸಿಗೇ ಕಾಯುತ್ತಿದ್ದಳು.

ಅವನನ್ನು ಕಂಡವಳೇ ಹುಡುಗಿ ಬೆಂಚಿನಿಂದ ಎದ್ದುನಿಂತಳು. ಮುಖದ ರಕ್ತ ಇಳಿದುಹೋಗಿತ್ತು. "ಅಮ್ಮಂಗೆ ಏನಾಯ್ತು?"

ಹೇಳದೆ ಕೇಳದೆ ಯಾರೋ ಸ್ಕೂಲಿನ ಹತ್ತಿರ ಬಂದು ನಿಂತದ್ದು ಆರು ವರ್ಷದ ಹಿಂದೆ ಒಂದೇ ಸಲ. ಅದು ಟೈಲರಿಗೆ ಹೊಳೆದದ್ದು ಅವಳ ಮುಖ ನೋಡಿದ ಮೇಲೆ. "ಏನೂ ಆಗಿಲ್ಲ, ಏನೂ ಆಗಿಲ್ಲಮ್ಮ. ಅಮ್ಮ ಚೆನ್ನಾಗಿದಾಳೆ, ಬಸ್ಸಲ್ಲಿ ಬರ್ತಿದಾಳೆ. ನಾನೇ ಸುಮ್ನೆ ಬಂದೆ."

ಚೂಟಿ ಮತ್ತೆ ಕೂತಳು. ಉಸಿರು ಹತೋಟಿಗೆ ಬರಲು ಸ್ವಲ್ಪ ಹೊತ್ತಾಯಿತು. "ನೀವು ಯಾಕೆ ಬಂದ್ರಿ?"

ಟೈಲರ್ ಬೆಂಚಿನ ಆ ತುದಿಯಲ್ಲಿ ಕೂತ. ದಾರಿಯುದ್ದಕ್ಕೂ ಕಲಿತುಕೊಂಡು ಬಂದದ್ದೆಲ್ಲ ಕಲಸಿಹೋಗಿತ್ತು. "ಅಮೆರಿಕದಲ್ಲಿ ನೂರನಲವತ್ತು ವರ್ಷದ ಹಿಂದೆ," ಎಂದು ಶುರುಮಾಡಿದ.

"ಏನು?"

"ಅಲ್ಲ, ಅದು ಬೇಡ." ಅವನು ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ. "ಅವತ್ತು ಊಟದ ಹೊತ್ತಲ್ಲಿ ನಾನು ಆ ಮಾತು ಆಡಬಾರದಿತ್ತು. ಕೋಟು ಹಾಕ್ಕೊಂಡು ಬಂದಿದ್ನಲ್ಲ, ಅದನ್ನ ನೋಡಿ ನಗ್ತಿದೀಯ ಅನ್ಕೊಂಡೆ. ನೀನು ಬಾ ಅಂದಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ತಪ್ಪಾಯ್ತು ಚೂಟಿ. ನನ್ನನ್ನ ಏನೂ ಅಂತ ಕರೀಬೇಡ, ಪರವಾಗಿಲ್ಲ. ಈ ಬನ್ನಿ, ತಗೊಳ್ಳಿ ಮಾತ್ರ ಬೇಡ. ನಂಗೆ ತಡ್ಕೊಳ್ಳೋಕಾಗ್ತಿಲ್ಲ."

ಚೂಟಿ ಶೂ ತುದಿಯಿಂದ ನೆಲ ಕೆರೆಯುತ್ತಿದ್ದಳು. ಅವಳು ಮಾತಾಡಿದಾಗ ದನಿ ಚಿಕ್ಕದಾಗಿತ್ತು.

"ಅಪ್ಪ ಅನ್ನೋಕೆ ಆಗಲ್ಲ ನಂಗೆ."

"ಬೇಡ. ಅದು ಅವರದು."

"ಚಿಕ್ಕಪ್ಪ ಅನ್ನೋದ್ರಲ್ಲೂ ಅಪ್ಪ ಇದೆ. ಅಂಕಲ್ ಅಂದ್ರೆ ಬನ್ನಿ ಅನ್ಬೇಕು." ಅವಳು ನಿಲ್ಲಿಸಿ, ಮತ್ತೆ ಹೇಳಿದಳು. "ಮನೆಯೋರಿಗೆ ಬನ್ನಿ ಅನ್ನೋದು ಒಂಥರಾ ಇರತ್ತೆ. ಬರೀ ಬಾ ಅಂದ್ರೆ ಅಮ್ಮ ಬೈತಾಳೆ. ನಮ್ಮ ಕ್ಲಾಸಲ್ಲಿ ಡ್ಯೂಡ್ ಅಂದ್ಮೇಲೆ ಯಾರೂ ಬನ್ನಿ ಅನ್ನಲ್ಲ, ಬಾ ಅಂತಾನೇ ಅನ್ನೋದು. ಅದಕ್ಕೇ ಅದನ್ನ ಇಟ್ಕೊಂಡೆ. ಎರಡು ತಿಂಗಳು ಮನಸ್ಸಲ್ಲೇ ಅಂದು ನೋಡಿದೀನಿ."

ಟೈಲರ್ ಟೇಪನ್ನು ಮಡಿಚಿ ಜೇಬಿಗಿಟ್ಟ. ಬಾ ಎನ್ನಲು ಜಾಗ ಸಿಗಲಿ ಎಂದು ಈ ಮಗು ಎಲ್ಲೆಲ್ಲೋ ಹುಡುಕಿ ಒಂದು ಪದ ತಂದಿತ್ತು. ಅವನು ಅದರ ಬೆಲೆ ಕಟ್ಟಲು ಹೋಗಿದ್ದ.

"ಕೋಟು ನೋಡಿ ನಕ್ಕಿದ್ದು ನಾನಲ್ಲ," ಎಂದಳು ಚೂಟಿ. "ಅವರು ನಕ್ಕಿದ್ದಕ್ಕೆ ಅವರ ಜೊತೆ ಜಗಳ ಆಡ್ತಾ ನಾನು ಹಿಂದೆ ಉಳ್ಕೊಂಡೆ."

ಅಷ್ಟರಲ್ಲಿ ಬಸ್ಸು ಬಂತು. ಕಾಲಿಡಲು ಜಾಗವಿಲ್ಲದಷ್ಟು ಜನ. ಹಿಂಬಾಗಿಲಲ್ಲಿ ಹೆಂಡತಿ, ಕೊರಳಿಗೆ ಟಿಕೆಟ್ ಮೆಷಿನ್ನು ಹಾಕಿಕೊಂಡು, "ಮುಂದೆ ಬನ್ನಿ, ಮುಂದೆ ಬನ್ನಿ, ಒಳಗೆ ಜಾಗ ಇದೆ" ಎಂದು ಕೂಗುತ್ತಿದ್ದಳು. ಗಂಡನನ್ನು ಕಂಡು ಹುಬ್ಬೇರಿಸಿದಳು. ಚೂಟಿ ಜನರ ಸಂದಿಯಲ್ಲಿ ನುಸುಳಿ ಮುಂದೆ ಹೋಗಿ ಮರೆಯಾದಳು. ಟೈಲರ್ ಹಿಂದೆಯೇ ಕಂಬಿ ಹಿಡಿದು ನಿಂತ. ಅವಳು ಅಷ್ಟು ಹೇಳಿದ್ದೇ ದೊಡ್ಡದು, ಇನ್ನೇನೂ ಕೇಳಬಾರದು ಎಂದು ತನಗೆ ತಾನೇ ಹೇಳಿಕೊಂಡ.

ಬಸ್ಸು ಹೊರಟಿತು. ನಡುವಿನ ಸೀಟೊಂದರಿಂದ ಕೈಯೊಂದು ಮೇಲೆದ್ದಿತು.

"ಡ್ಯೂಡ್, ಬಾ. ಇಲ್ಲಿ ಜಾಗ ಹಿಡಿದಿದೀನಿ."

ಬಸ್ಸಿನ ಅರ್ಧ ಜನ ತಿರುಗಿ ನೋಡಿದರು. ಹೆಂಡತಿಯ ಗಂಟಲು ಅವರೆಲ್ಲರ ತಲೆಯ ಮೇಲಿಂದ ಹೋಯಿತು. "ಚೂಟಿ, ಮೊನ್ನೆ ತಾನೇ ಏನು ಹೇಳಿದೀನಿ? ಬನ್ನಿ ಅನ್ನು."

ಹುಡುಗಿ ಅಮ್ಮನ ಕಡೆ ನೋಡಲಿಲ್ಲ. ಅವನ ಕಡೆಗೇ ನೋಡಿದಳು, ಕೈ ಇನ್ನೂ ಮೇಲೆಯೇ ಇತ್ತು.

ಇಷ್ಟು ಜನರ ಮುಂದೆ ಟೈಲರ್ ಎಂದೂ ದನಿ ಎತ್ತಿದವನಲ್ಲ. "ಬೇಡ ಕಣೇ," ಎಂದ ಹೆಂಡತಿಗೆ. ದನಿ ಡ್ರೈವರಿಗೂ ಕೇಳುವಷ್ಟು ಗಟ್ಟಿಯಾಗಿತ್ತು. "ಬನ್ನಿ ಅಂದ್ರೆ ನಾನು ಇಲ್ಲೇ ನಿಂತಿರ್ತೀನಿ. ಬಾ ಅಂದ್ರೆ ಮಾತ್ರ ಹೋಗೋದು."

ಹೆಂಡತಿ ಅವನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದಳು. ಆಮೇಲೆ ನಡುದಾರಿಯಲ್ಲಿ ನಿಂತವರ ಕಡೆ ತಿರುಗಿ, "ಸ್ವಲ್ಪ ದಾರಿ ಬಿಡಿ," ಎಂದಳು. "ಅವರನ್ನ ಮಗಳು ಕರೀತಿದಾಳೆ."